ಗಾಡಿಯ ಹಸಿವು ಹೆಚ್ಚಿದರೆ

ಹಿಂದೆ ರೈತನ ಮನೆಯಲ್ಲಿ ಎತ್ತಿನ ಜೋಡಿಗೆ ಇದ್ದ ಸ್ಥಾನವು ಈಗ ಅನೇಕ ಸಂಸಾರಗಳಲ್ಲಿ ಪಿಕಪ್ ಗಾಡಿಗೆ ಬಂದಿರುವುದು. ಎತ್ತು ಮೇವು ಮುಟ್ಟದೆ ನಿಂತರೆ ಅದಕ್ಕೆ ಕಾಯಿಲೆಯೆಂದು ಮಕ್ಕಳಿಗೂ ತಿಳಿಯುತ್ತಿದ್ದಿತು. ಗಾಡಿಯ ರೀತಿಯಾದರೋ ಇದಕ್ಕೆ ವಿಪರೀತವಾದುದು. ಕಾಯಿಲೆ ಬಿದ್ದಾಗ ಅದು ಮೇವನ್ನು ಹೆಚ್ಚಾಗಿ ತಿನ್ನುವುದು.

ಈ ಹೆಚ್ಚಿನ ಹಸಿವು ಮನೆಗೆ ಎಷ್ಟು ಭಾರವಾಗುವುದೆಂಬುದನ್ನು ಲೆಕ್ಕ ಹಾಕಿ ನೋಡೋಣ. ಕೋಲಾರದಿಂದ ಬೆಂಗಳೂರಿಗೆ ತರಕಾರಿ ಸಾಗಿಸುವ ಡೀಸೆಲ್ ಗಾಡಿಯೊಂದು ದಿನಕ್ಕೆ ೧೩೦ ಕಿಲೋಮೀಟರು ಓಡುವುದೆಂದು ಇಟ್ಟುಕೊಳ್ಳಿರಿ. ಲೀಟರಿಗೆ ೧೩ ಕಿಲೋಮೀಟರು ಬರುತ್ತಿದ್ದುದು ೧೦ಕ್ಕೆ ಇಳಿದರೆ, ದಿನಕ್ಕೆ ೧೦ ಲೀಟರು ಸಾಕಾಗುತ್ತಿದ್ದಲ್ಲಿ ೧೩ ಲೀಟರು ಬೇಕಾಗುವುದು. ತಿಂಗಳಿಗೆ ೨೫ ದಿನ ಓಡಿದರೆ ೭೫ ಲೀಟರು ವೃಥಾ ಹೊಗೆಯಾಗಿ ಹೋಗುವುದು. ಮಕ್ಕಳ ಶಾಲೆಯ ಶುಲ್ಕವೋ ಸಾಲದ ಕಂತೋ ಇದರೊಳಗೇ ಸುಟ್ಟುಹೋದಂತಾಯಿತು.

ಇಂತಹ ಸಮಯದಲ್ಲಿ ಗಾಬರಿಯಿಂದ ನಾಜಲ್ಲು, ಪಂಪು ಎಂದು ಬೆಲೆಯುಳ್ಳ ಭಾಗಗಳನ್ನು ಬಿಚ್ಚಿಸುವುದು ವಿವೇಕವಲ್ಲ. ಮೊದಲು ನಿದಾನ, ಆಮೇಲೆ ಔಷಧ ಎಂಬ ವೈದ್ಯರ ಕ್ರಮವೇ ಇಲ್ಲಿಯೂ ಸರಿಯಾದುದು.

ಮೊದಲನೆಯದಾಗಿ ಅಳತೆ. ಬಂಕಿನಲ್ಲಿ ಟ್ಯಾಂಕು ತುಂಬಿಸಿ, ಪಂಪು ತಾನಾಗಿ ನಿಂತೊಡನೆ ನಿಲ್ಲಿಸಿ, ಮೀಟರಿನ ಕಿಲೋಮೀಟರನ್ನು ಬರೆದಿಡತಕ್ಕದ್ದು. ಮುಂದಿನ ಸಲ ಅದೇ ಬಂಕಿನಲ್ಲಿ ಅದೇ ರೀತಿ ತುಂಬಿಸಿ, ಓಡಿದ ದೂರವನ್ನು ಆಗ ಹಿಡಿದ ಲೀಟರುಗಳಿಂದ ಭಾಗಿಸಬೇಕು. ಮೂರು ನಾಲ್ಕು ಸಲದ ಸರಾಸರಿಯನ್ನೇ ನಂಬತಕ್ಕದ್ದು. ಬೇರೆ ಅಳತೆಯ ಟಯರುಗಳನ್ನು ಹಾಕಿಸಿದ್ದರೆ ಮೀಟರು ತೋರಿಸುವ ದೂರವೇ ವ್ಯತ್ಯಾಸವಾಗುವುದು. ಆಗ ರೋಗವು ಗಾಡಿಯಲ್ಲಿಲ್ಲ, ಲೆಕ್ಕದಲ್ಲಿದೆ. ಬೆಳಗ್ಗೆ ಗಾಡಿ ನಿಂತಿದ್ದ ನೆಲದಲ್ಲಿ ಡೀಸೆಲಿನ ಕಲೆಯಿದ್ದರೆ, ಗಾಡಿ ಕುಡಿದುದಲ್ಲ, ಸೋರಿದುದು.

ಎರಡನೆಯದಾಗಿ ಓಡಿಸುವ ಕ್ರಮ. ಹೊರೆ ಹೆಚ್ಚಿತೇ? ದಾರಿ ಬದಲಾಯಿತೇ? ಗಾಳಿಯ ತಡೆಯು ವೇಗದ ವರ್ಗಕ್ಕೆ ತಕ್ಕಂತೆ ಏರುವುದು. ಗಂಟೆಗೆ ೬೦ ಕಿಲೋಮೀಟರಿನಿಂದ ೮೦ಕ್ಕೆ ಹೋದರೆ ಆ ತಡೆಯು ಹೆಚ್ಚು ಕಡಿಮೆ ಒಂದೂಮುಕ್ಕಾಲು ಪಾಲಾಗುವುದು. ಸಡಿಲವಾಗಿ ಪಟಪಟಿಸುವ ಟರ್ಪಾಲು ಅದನ್ನು ಇನ್ನೂ ಹೆಚ್ಚಿಸುವುದು. ಮಾರುಕಟ್ಟೆಯ ಮುಂದೆ ಸರದಿ ಕಾಯುತ್ತಾ ಎಂಜಿನನ್ನು ಗಂಟೆಗಟ್ಟಲೆ ಓಡುವಂತೆ ಬಿಡುವುದೂ ಸುಮ್ಮನೆ ಡೀಸೆಲ್ ಸುಟ್ಟಂತೆಯೇ.

ಮೂರನೆಯದಾಗಿ ಚಕ್ರಗಳು. ಟಯರಿನ ಗಾಳಿಯನ್ನು ಗಾಡಿ ಓಡುವುದಕ್ಕೆ ಮುಂಚೆ, ತಣ್ಣಗಿರುವಾಗ ನೋಡತಕ್ಕದ್ದು. ಹೊರೆಯಿದ್ದಾಗ ಹಿಂದಿನ ಟಯರಿಗೆ ಹೆಚ್ಚು ಗಾಳಿ ಬೇಕಾಗುವುದು. ಎಷ್ಟೆಂಬುದು ಗಾಡಿಯ ಕೈಪಿಡಿಯಲ್ಲಿ ಇರುವುದು. ಬಳಿಕ ಬ್ರೇಕು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಚಕ್ರಗಳನ್ನು ಮುಟ್ಟದೆ, ಒಂದೊಂದರ ಹತ್ತಿರ ಅಂಗೈಯನ್ನು ಹಿಡಿಯಿರಿ. ಒಂದು ಮಾತ್ರ ಉಳಿದವುಗಳಿಗಿಂತ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿರುವ ಸಂಭವವುಂಟು. ಇದು ಡೀಸೆಲಿಗೆ ಮಾತ್ರವಲ್ಲ, ಪ್ರಾಣಕ್ಕೂ ಸಂಬಂಧಿಸಿದ ವಿಷಯವಾದುದರಿಂದ ಒಡನೆಯೇ ಸರಿಪಡಿಸಬೇಕು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ಯಾರೂ ನುಗ್ಗಬಾರದು.

ಇನ್ನು ಎಂಜಿನು. ಅದರ ನಾಡಿಯೆಂದರೆ ಹೊಗೆ. ಕಪ್ಪು ಹೊಗೆಯು ಗಾಳಿ ಸಾಲದೆಯೋ ಡೀಸೆಲ್ ಮಿತಿಮೀರಿಯೋ ಇರುವ ಗುರುತು. ಏರ್ ಫಿಲ್ಟರು, ಟರ್ಬೋದ ಕೊಳವೆಗಳು, ನಾಜಲ್ಲು, ಈ ಕ್ರಮದಲ್ಲಿ ನೋಡಿಸಬೇಕು. ನೀಲಿ ಹೊಗೆಯಾದರೆ ಎಂಜಿನ್ ಆಯಿಲು ಉರಿಯುತ್ತಿರುವುದು. ಶಾಖ ತೋರಿಸುವ ಮುಳ್ಳು ಎಷ್ಟು ದೂರ ಓಡಿದರೂ ಮೊದಲಿನ ಜಾಗಕ್ಕೆ ಏರದಿದ್ದರೆ, ಥರ್ಮೋಸ್ಟಾಟು ತೆರೆದೇ ಉಳಿದಿರಬಹುದು. ತಣ್ಣನೆಯ ಎಂಜಿನಿಗೆ ಡೀಸೆಲ್ ಹೆಚ್ಚು ಬೇಕು. ಏರಿನಲ್ಲಿ ಎಂಜಿನಿನ ಸದ್ದು ಏರಿ ಗಾಡಿ ಮಾತ್ರ ಮುಂದರಿಯದಿದ್ದರೆ ಕ್ಲಚ್ ಪ್ಲೇಟು ಸವೆದಿದೆಯೆಂದು ಸಂಶಯಪಡಬಹುದು.

೨೦೨೦ನೆಯ ಏಪ್ರಿಲಿನಿಂದ ನಮ್ಮ ದೇಶದಲ್ಲಿ ಬಿಎಸ್-೬ ನಿಯಮವು ಜಾರಿಗೆ ಬಂದ ಮೇಲೆ, ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜರಡಿಯೊಂದು ಸೇರಿಕೊಂಡಿರುವುದು. ಸೇರಿದ ಮಸಿಯನ್ನು ಸುಡುವುದಕ್ಕೆ ಗಾಡಿಯು ಆಗಾಗ ಹೆಚ್ಚು ಡೀಸೆಲನ್ನು ಉಪಯೋಗಿಸಿಕೊಳ್ಳುವುದು. ಸದಾ ಊರೊಳಗೇ ತುಸುತುಸು ದೂರ ಓಡುವ ಗಾಡಿಯಲ್ಲಿ ಈ ಕೆಲಸವು ಅರ್ಧಕ್ಕೇ ನಿಂತು ಮತ್ತೆ ಮತ್ತೆ ನಡೆಯುವುದು. ಅಂತಹ ಗಾಡಿಯನ್ನು ಆಗಾಗ ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿಸುವುದು ಒಳ್ಳೆಯದು. ಎಚ್ಚರಿಕೆಯ ದೀಪ ಹತ್ತಿದರೆ ಅಸಡ್ಡೆ ಮಾಡದೆ, ಗಾಡಿಯ ಗಣಕವು ಹೇಳುವುದನ್ನು ಮೆಕ್ಯಾನಿಕ್ಕಿನಿಂದ ಓದಿಸತಕ್ಕದ್ದು.

ಕಡೆಯದಾಗಿ ಮುಖ್ಯವಾದ ಮಾತು. ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ, ಮತ್ತೆ ಅಳೆದು ನೋಡಿರಿ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಗುಣವಾದರೂ ಯಾವುದರಿಂದ ಎಂದು ತಿಳಿಯದು. ತಿಳಿಯದ್ದಕ್ಕೆ ಮುಂದಿನ ವರ್ಷ ಮತ್ತೆ ಹಣ ತೆರಬೇಕಾಗುವುದು. ಹಾಲಿನ ಲೆಕ್ಕ ಬರೆಯುವ ಮನೆಯಾಕೆಯೇ ಡೀಸೆಲಿನ ಲೆಕ್ಕವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಗಾಡಿಯ ಕಾಯಿಲೆಯು ಗಾಡಿ ನಡೆಸುವವನಿಗಿಂತ ಮುಂಚೆ ಆಕೆಗೇ ಗೊತ್ತಾಗುವುದು.