ಜಗಳ ಇಬ್ಬರದ್ದು, ಬೈಗುಳ ಉಮ್ಮನಿಗೆ

ಮೂರು ವರ್ಷದ ಹುಡುಗ ಅಂಗಳದಲ್ಲಿ ಬೀಳುತ್ತಾನೆ. ಎದ್ದವನೇ ದೊಡ್ಡವರ ಬಾಯಲ್ಲಿ ಕೇಳಿದ ಬೈಗುಳವೊಂದನ್ನು ಬಿಡುತ್ತಾನೆ. ನಾವೆಲ್ಲ ಗೊಳ್ಳೆಂದು ನಗುತ್ತೇವೆ. ‘ಇನ್ನೊಮ್ಮೆ ಹೇಳು ಮೋನೆ’ ಎಂದು ಮೊಬೈಲ್ ಹಿಡಿಯುತ್ತೇವೆ. ವಿಡಿಯೋ ದುಬೈಯಲ್ಲಿರುವ ಉಪ್ಪನಿಗೂ ಹೋಗುತ್ತದೆ, ಕುಟುಂಬದ ಗ್ರೂಪಿಗೂ ಹೋಗುತ್ತದೆ. ಅದೇ ಹುಡುಗ ಏಳನೇ ಕ್ಲಾಸಿನಲ್ಲಿ ಅದೇ ಮಾತನ್ನು ಇನ್ನೊಬ್ಬನಿಗೆ ಹೇಳಿ, ಶಾಲೆಯಿಂದ ಫೋನ್ ಬಂದ ದಿನ ‘ಇದನ್ನೆಲ್ಲ ಎಲ್ಲಿ ಕಲಿತದ್ದು?’ ಎಂದು ಬೆನ್ನಿಗೆ ಬಾರಿಸುತ್ತೇವೆ. ಕಲಿಸಿದ್ದು ನಾವೇ ಅಲ್ಲವೇ?

ಬೈಗುಳದಲ್ಲಿ ಇರುವುದೇನು ಎಂದು ಒಮ್ಮೆ ಯೋಚಿಸಿ. ಜಗಳ ಕ್ರಿಕೆಟ್ ಮೈದಾನದ ಒಂದು ರನೌಟಿಗೆ. ಬೈಗುಳ ಹೋಗುವುದು ಎದುರಿನವನ ತಾಯಿಗೆ, ಅಕ್ಕ ತಂಗಿಯರಿಗೆ. ಮನೆಯಲ್ಲಿ ಬೀಡಿ ಕಟ್ಟುತ್ತಾ ಕೂತ ಆ ಉಮ್ಮನಿಗೆ ರನೌಟಿನ ಸುದ್ದಿಯೇ ಗೊತ್ತಿಲ್ಲ. ಇನ್ನು ಕೆಲವು ಬೈಗುಳ ಜಾತಿಯ ಹೆಸರು, ಕೆಲವು ಅಂಗವೈಕಲ್ಯದ ಹೆಸರು.

ತಂದೆ ತಾಯಿಯನ್ನು ಬೈಯುವುದು ಮಹಾಪಾಪ ಎಂದು ಪ್ರವಾದಿ (ಸ) ಹೇಳಿದಾಗ, ಸ್ವಂತ ತಂದೆ ತಾಯಿಯನ್ನು ಯಾರಾದರೂ ಬೈಯುತ್ತಾರಾ ಎಂಬ ಪ್ರಶ್ನೆ ಬಂತು. ಒಬ್ಬ ಇನ್ನೊಬ್ಬನ ಹೆತ್ತವರನ್ನು ಬೈದರೆ, ಅವನು ತಿರುಗಿ ಇವನ ಹೆತ್ತವರನ್ನು ಬೈಯುತ್ತಾನೆ ಎಂಬ ಅರ್ಥದ ಉತ್ತರ ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಅಂದರೆ ನಮ್ಮ ಉಮ್ಮನನ್ನು ಬೈಸಿದವರು ನಾವೇ.

‘ಬೈದರೆ ಮನಸ್ಸು ಹಗುರ ಆಗ್ತದೆ’ ಎನ್ನುವವರಿದ್ದಾರೆ. ಪೂರ್ತಿ ಸುಳ್ಳಲ್ಲ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೊರೆಯುವ ತಣ್ಣೀರಿನಲ್ಲಿ ಕೈಯಿಟ್ಟವರು ಬೈಗುಳ ಹೇಳುವಾಗ ಹೆಚ್ಚು ಹೊತ್ತು ನೋವು ತಡೆದುಕೊಂಡರು. ಆದರೆ ದಿನಾ ಹೆಚ್ಚು ಬೈಯುವವರಿಗೆ ಈ ಲಾಭ ಕಡಿಮೆ ಎಂದು 2011ರ ಅವರದೇ ಅಧ್ಯಯನದಲ್ಲಿ ಕಂಡುಬಂತು. ಮೇಲಾಗಿ, ಅಲ್ಲಿ ಬೈದದ್ದು ನೋವಿಗೆ, ಮನುಷ್ಯರಿಗಲ್ಲ.

ಬಾಯಲ್ಲಿ ಬೈದದ್ದಾದರೆ ಸಂಜೆ ಮಸೀದಿಯ ಎದುರು ಸಲಾಂ ಹೇಳಿ ಕೈ ಹಿಡಿದರೆ ಮುಗಿಯಬಹುದು. ಬರೆದದ್ದು, ವಾಯ್ಸ್ ಮೆಸೇಜ್ ಹಾಕಿದ್ದು ಹಾಗಲ್ಲ. ಬೆಳಗ್ಗೆ ಡಿಲೀಟ್ ಮಾಡುವಷ್ಟರಲ್ಲಿ ಸ್ಕ್ರೀನ್‌ಶಾಟ್ ನಾಲ್ಕು ಗ್ರೂಪ್ ದಾಟಿರುತ್ತದೆ. ಅಣ್ಣ ತಮ್ಮಂದಿರ ಜಾಗದ ತಕರಾರು ರಾಜಿಯಾದರೂ, ಮಕ್ಕಳ ಮದುವೆ ಮಾತುಕತೆಯ ಹೊತ್ತಿಗೆ ಯಾರೋ ಅದನ್ನು ತೆಗೆದು ತೋರಿಸ್ತಾರೆ.

2024ರಲ್ಲಿ ‘ಕಾಲೇಜ್ ರೊಮಾನ್ಸ್’ ವೆಬ್ ಸರಣಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೈಗುಳ ಇದ್ದ ಮಾತ್ರಕ್ಕೆ ಅದು ಅಶ್ಲೀಲತೆಯ ಅಪರಾಧ ಆಗುವುದಿಲ್ಲ ಎಂದಿತು. ಸರಿ. ಕತೆಯ ಪಾತ್ರ ಬೈಯುವುದು ಬೇರೆ, ನಾವು ಹೆಸರು ಹಿಡಿದು ಒಬ್ಬರಿಗೆ ಬರೆಯುವುದು ಬೇರೆ. ಕೋರ್ಟ್ ಶಿಕ್ಷೆ ಕೊಡದ ಮಾತೆಲ್ಲ ಮನೆಯಲ್ಲಿ ಆಡುವ ಮಾತಲ್ಲ.

ಸಿಟ್ಟು ಬರುವುದೇ ಬೇಡ ಎಂದರೆ ಆಗುವ ಮಾತಲ್ಲ. ‘ಸಾಲ ವಾಪಸ್ ಕೊಟ್ಟಿಲ್ಲ, ನನಗೆ ಬೇಸರ ಆಗಿದೆ’ ಎಂದು ನೇರ ಹೇಳೋಣ. ರಾತ್ರಿ ಟೈಪ್ ಮಾಡಿದ್ದನ್ನು ಸುಬಹಿ ನಮಾಝಿನ ನಂತರ ಓದಿ ಕಳಿಸೋಣ. ಮಗು ಬೈದರೆ ನಗುವುದೂ ಬೇಡ, ಹೊಡೆಯುವುದೂ ಬೇಡ. ಹತ್ತಿರ ಕೂರಿಸಿ, ಆ ಮಾತು ಯಾರಿಗೆ ತಾಗುತ್ತದೆಂದು ಹೇಳಿಕೊಡೋಣ. ಆ ಹಳೇ ವಿಡಿಯೋ ಫೋನಿನಲ್ಲಿ ಇನ್ನೂ ಇದ್ದರೆ ಇವತ್ತೇ ಅಳಿಸಿಬಿಡೋಣ.