ನಾಲ್ಕು ಬೀಗಗಳ ಬಾಗಿಲು

ಇಲ್ಮ್ ಕುರಿತ ಖುತ್ಬಾ ಕೇಳಿ ಹೊರಬರುವಾಗ ನಮ್ಮ ಕಣ್ಣು ಮಸೀದಿಯ ಪುಸ್ತಕದ ಕಪಾಟಿನ ಮೇಲೆ ಬಿತ್ತು. ಅದಕ್ಕೆ ಬೀಗ.

ಮೊರಾಕ್ಕೊದ ಫೆಝ್ ನಗರದ ಖರವಿಯ್ಯೀನ್ ಮಸೀದಿ ನೆನಪಾಯಿತು. 859ರಲ್ಲಿ ಅದನ್ನು ಕಟ್ಟಿಸಿದವರು ಫಾತಿಮಾ ಅಲ್ ಫಿಹ್ರಿ ಎಂಬ ಮಹಿಳೆ ಎನ್ನುತ್ತಾರೆ. 14ನೇ ಶತಮಾನದಲ್ಲಿ ಸುಲ್ತಾನ್ ಅಬೂ ಇನಾನ್ ಅಲ್ಲಿ ಗ್ರಂಥಾಲಯ ಕಟ್ಟಿಸಿದರು. ಇಬ್ನ್ ಖಲ್ದೂನ್ ತಮ್ಮ ಇತಿಹಾಸ ಗ್ರಂಥದ ಪ್ರತಿಯನ್ನು ಅಲ್ಲಿಗೇ ಕೊಟ್ಟರು. ಹಸ್ತಪ್ರತಿಗಳ ಕೋಣೆಗೆ ಹಿಂದೆ ನಾಲ್ಕು ಬೀಗಗಳಿದ್ದವು, ಕೀಲಿಗಳು ನಾಲ್ವರ ಕೈಯಲ್ಲಿದ್ದವು. ಕಳ್ಳರನ್ನೇನೋ ತಡೆಯಬಹುದು, ತೇವವನ್ನು ತಡೆಯುವುದು ಹೇಗೆ? ಬಹುಕಾಲ ವಿದ್ವಾಂಸರಿಗಷ್ಟೇ ಪ್ರವೇಶವಿದ್ದ ಆ ಕಟ್ಟಡದ ದುರಸ್ತಿಯನ್ನು 2012ರಲ್ಲಿ ವಹಿಸಿಕೊಂಡವರೂ ಮಹಿಳೆಯೇ: ಫೆಝ್‌ನ ಮಗಳು, ವಾಸ್ತುಶಿಲ್ಪಿ ಅಝೀಝಾ ಶಾವುನಿ. ಊರವರೂ ಬಂದು ಕೂರುವಂತಾಗಬೇಕು ಎಂಬುದು ಅವರ ಆಸೆಯಾಗಿತ್ತು.

ನಮ್ಮ ಕಪಾಟಿಗಿರುವುದು ಒಂದೇ ಬೀಗ. ಕೀಲಿ ಯಾರಲ್ಲಿದೆ ಎಂದು ವಿಚಾರಿಸಿದೆವು, ಕಮಿಟಿಯವರಿಗೂ ನೆನಪಿಲ್ಲ.