ಶಾಸನ ಬರೆಸದವರ ಸಾಕ್ಷಿ

ಲಾಲ್‌ಬಾಗಿನ ಗುಡ್ಡದ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಭೂವಿಜ್ಞಾನಿಗಳು ಅದನ್ನು ನೈಸ್ ಶಿಲೆ ಎನ್ನುತ್ತಾರೆ. ಜಯನಗರ, ಬನಶಂಕರಿ, ಜೆ.ಪಿ. ನಗರದ ಮನೆಗಳ ಪಾಯದಡಿ ಇರುವುದೂ ಬಹುಮಟ್ಟಿಗೆ ಇದೇ ಜಾತಿಯ ಕಲ್ಲು. ಈ ಕಲ್ಲಿನಲ್ಲಿರುವ ರುಬಿಡಿಯಂ ಧಾತುವಿನ ಒಂದು ಬಗೆ ಕೋಟಿಗಟ್ಟಲೆ ವರ್ಷ ತೆಗೆದುಕೊಂಡು ನಿಧಾನವಾಗಿ ಸ್ಟ್ರಾಂಷಿಯಂ-87 ಆಗಿ ಬದಲಾಗುತ್ತದೆ. ಬಂಡೆ ಸವೆದು ಮಣ್ಣಾಗುತ್ತದೆ, ಮಣ್ಣಿನ ಸ್ಟ್ರಾಂಷಿಯಂ ರಾಗಿಯ ಬೇರಿಗೆ ಇಳಿಯುತ್ತದೆ, ರಾಗಿ ಉಂಡ ಮಗುವಿನ ಹಲ್ಲಿಗೆ ಸೇರುತ್ತದೆ. ಸ್ಟ್ರಾಂಷಿಯಂ ಗುಣದಲ್ಲಿ ಕ್ಯಾಲ್ಸಿಯಂನ ಹತ್ತಿರದ ನೆಂಟ. ಹಲ್ಲು ಕಟ್ಟುವಾಗ ದೇಹ ಇವೆರಡರ ನಡುವೆ ಪೂರ್ತಿ ಭೇದ ಮಾಡುವುದಿಲ್ಲ.

ವಿಜಯಪುರ, ಕಲಬುರಗಿಯ ಕಡೆಯ ಕಪ್ಪು ಬಸಾಲ್ಟ್ ಶಿಲೆ ಹುಟ್ಟಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅಲ್ಲಿನ ಮಣ್ಣಿನ ಸ್ಟ್ರಾಂಷಿಯಂ ಲೆಕ್ಕವೇ ಬೇರೆ. ಆದ್ದರಿಂದ ಒಬ್ಬ ವ್ಯಕ್ತಿಯ ಬಾಲ್ಯ ಕರಿನೆಲದಲ್ಲಿ ಕಳೆಯಿತೋ ಕೆಮ್ಮಣ್ಣಿನಲ್ಲಿ ಕಳೆಯಿತೋ ಎಂಬುದನ್ನು ಸಾವಿರಾರು ವರ್ಷಗಳ ನಂತರವೂ ಹಲ್ಲು ಹೇಳಬಲ್ಲದು. ಇಂದಿನ ಜಯನಗರದ ಮಗುವಿನ ಹಲ್ಲು ಇಷ್ಟು ಸ್ಪಷ್ಟವಾಗಿ ಮಾತಾಡಲಾರದು. ಅದರ ಅಕ್ಕಿ ಒಂದು ಜಿಲ್ಲೆಯದು, ಗೋಧಿ ಇನ್ನೊಂದು ರಾಜ್ಯದ್ದು, ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೇಲೆತ್ತಿದ ಕಾವೇರಿ. ನವಶಿಲಾಯುಗದ ಮಗು ಉಂಡದ್ದು ಊರ ಸುತ್ತಲಿನ ಹೊಲದ್ದನ್ನೇ, ಕುಡಿದದ್ದು ಅಲ್ಲಿಯ ಹಳ್ಳದ್ದನ್ನೇ.

ಅದೇ ಕಾವೇರಿಯ ದಂಡೆಯಲ್ಲಿ, ಕಪಿಲೆ ಬಂದು ಕೂಡುವ ತಿರುಮಕೂಡಲು ನರಸೀಪುರದಲ್ಲಿ, ನವಶಿಲಾಯುಗದ ಜನ ತಮ್ಮವರನ್ನು ಮಣ್ಣು ಮಾಡಿದ್ದರು. ಎಂ. ಶೇಷಾದ್ರಿ ಅವರು ಅಲ್ಲಿ ನಡೆಸಿದ ಉತ್ಖನನದ ವರದಿ 1971ರಲ್ಲಿ ಹೊರಬಂತು. ಬಳ್ಳಾರಿ ಸೀಮೆಯ ತೆಕ್ಕಲಕೋಟೆ, ತುಂಗಭದ್ರೆಯ ದಡದ ಹಳ್ಳೂರು, ರಾಯಚೂರು ಸೀಮೆಯ ಪಿಕ್ಲಿಹಾಳ, ಸುರಪುರದ ಬಳಿಯ ಬೂದಿಹಾಳ, ಚಿತ್ರದುರ್ಗದ ಬ್ರಹ್ಮಗಿರಿ ಎಲ್ಲೆಲ್ಲೂ ಇಂಥ ಸಮಾಧಿಗಳು ಸಿಕ್ಕಿವೆ. ದೊಡ್ಡವರನ್ನು ನೀಳವಾಗಿ ಮಲಗಿಸಿ ಹೂಳುವುದು, ಕೂಸುಗಳನ್ನು ಮಡಕೆಯೊಳಗಿಟ್ಟು ಹೂಳುವುದು ಆ ಕಾಲದ ಸಾಮಾನ್ಯ ರೂಢಿ. ಇವರು ಯಾರೂ ಅಕ್ಷರ ಬಲ್ಲವರಲ್ಲ. ಅಶೋಕನ ಶಾಸನಕ್ಕೂ ಸಾವಿರ ವರ್ಷ ಹಿಂದಿನವರು. ಅವರ ಹಸಿವು, ಕಾಯಿಲೆ, ದುಡಿಮೆಯ ಬಗ್ಗೆ ತಿಳಿಯಬೇಕೆಂದರೆ ಅವರ ಮೈಯೇ ನಮಗಿರುವ ದಾಖಲೆ.

ಆ ದಾಖಲೆಯ ಅತ್ಯಂತ ಗಟ್ಟಿ ಪುಟ ಹಲ್ಲಿನ ಎನಾಮೆಲ್. ಮೂಳೆ ಬದುಕಿರುವಷ್ಟು ಕಾಲವೂ ಕರಗುತ್ತ, ಮತ್ತೆ ಕಟ್ಟಿಕೊಳ್ಳುತ್ತ ಹೋಗುತ್ತದೆ. ಎನಾಮೆಲ್ ಒಮ್ಮೆ ಕಟ್ಟಿತೆಂದರೆ ಮುಗಿಯಿತು, ಅದನ್ನು ತಿದ್ದುವ ಜೀವಕೋಶಗಳೇ ಉಳಿದಿರುವುದಿಲ್ಲ. ತೆಂಗಿನ ಮರವನ್ನು ನೋಡಿ: ಬರದ ವರ್ಷದಲ್ಲಿ ಸಣಕಲಾದ ಕಾಂಡ ಮುಂದೆ ಎಷ್ಟೇ ಮಳೆ ಬಂದರೂ ಆ ಜಾಗದಲ್ಲಿ ದಪ್ಪವಾಗುವುದಿಲ್ಲ. ಹಲ್ಲಿನದೂ ಅದೇ ಕತೆ. ಮಗುವಿಗೆ ಕಡು ಜ್ವರ ಬಂದಾಗ, ಊಟ ಕಡಿಮೆಯಾದಾಗ ಎನಾಮೆಲ್ ಕಟ್ಟುವ ಕೆಲಸ ಕುಂಟುತ್ತದೆ, ಹಲ್ಲಿನ ಮೇಲೆ ಅಡ್ಡ ಗೆರೆಯೊಂದು ಉಳಿಯುತ್ತದೆ. ಮೊದಲ ಶಾಶ್ವತ ದವಡೆಹಲ್ಲಿನ ಮೇಲ್ಭಾಗ ಹುಟ್ಟಿನ ಹೊತ್ತಿಗೆ ಕಟ್ಟತೊಡಗಿ ಮೂರನೇ ವರ್ಷದ ಆಸುಪಾಸಿಗೆ ಮುಗಿಯುತ್ತದೆ. ಗೆರೆ ಎಷ್ಟು ಎತ್ತರದಲ್ಲಿದೆ ಎಂದು ಅಳೆದರೆ ಮಗು ನರಳಿದ್ದು ಯಾವ ವಯಸ್ಸಿನಲ್ಲಿ ಎಂಬುದು ತಿಳಿಯುತ್ತದೆ. ಮಗು ಹುಟ್ಟಿದ ಗಳಿಗೆಯೂ ಎನಾಮೆಲ್ಲಿನೊಳಗೆ ಒಂದು ಸೂಕ್ಷ್ಮ ಗೆರೆಯಾಗಿ ನಿಂತಿರುತ್ತದೆ.

ಹಲ್ಲು ಊಟದ ಕತೆಯನ್ನೂ ಹೇಳುತ್ತದೆ. ರಾಗಿ, ಜೋಳ, ನವಣೆ, ಕೊರಲೆ ಗಾಳಿಯ ಇಂಗಾಲವನ್ನು ಹೀರಿಕೊಳ್ಳುವ ವಿಧಾನ ಒಂದು. ಭತ್ತ, ಗೋಧಿ, ಹುರುಳಿ, ಹೆಸರುಕಾಳಿನದು ಇನ್ನೊಂದು. ಮೊದಲ ಗುಂಪಿನಲ್ಲಿ ಭಾರದ ಇಂಗಾಲ-13ರ ಪಾಲು ಹೆಚ್ಚು. ತಿಂದವರ ಹಲ್ಲಿನಲ್ಲಿ, ಮೂಳೆಯಲ್ಲಿ ಆ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ. ಸಂಗನಕಲ್ಲು ಮೊದಲಾದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಸುಟ್ಟ ಕಾಳುಗಳನ್ನು ಹೆಕ್ಕಿದ ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ನಮ್ಮ ನವಶಿಲಾಯುಗದ ರೈತರ ಮುಖ್ಯ ಬೆಳೆಗಳಲ್ಲಿ ಕೊರಲೆ, ಹುರುಳಿ, ಹೆಸರು ಇದ್ದವೆಂದು ತೋರಿಸಿದ್ದಾರೆ. ಒಲೆಯ ಬದಿಯ ಕಾಳು ಊರಿನಲ್ಲಿ ಏನು ಬೆಳೆಯುತ್ತಿದ್ದರು ಎಂಬುದನ್ನು ಹೇಳುತ್ತದೆ. ಆ ಅನ್ನ ಯಾರ ತಟ್ಟೆಗೆ ಎಷ್ಟು ಬಿತ್ತು, ಗಂಡಿಗೂ ಹೆಣ್ಣಿಗೂ ಒಂದೇ ಊಟ ಸಿಕ್ಕಿತೇ, ಮೊಲೆಹಾಲು ಬಿಡಿಸಿದ ಮೇಲೆ ಕೂಸು ಏನು ತಿಂದಿತು ಎಂಬ ಪ್ರಶ್ನೆಗಳಿಗೆ ಉತ್ತರವಿರುವುದು ಉಂಡವರ ಮೈಯಲ್ಲಿ.

ದುಡಿಮೆಯ ಗುರುತು ಮೂಳೆಯಲ್ಲಿರುತ್ತದೆ. ದಿನವೆಲ್ಲ ಕುಕ್ಕರಗಾಲಲ್ಲಿ ಕೂರುವವರ ಹರಡಿನ ಕೀಲಿನ ಮುಂಭಾಗದಲ್ಲಿ ಸಣ್ಣ ನುಣುಪು ತಾಣ ಮೂಡುತ್ತದೆ. ಸಿರಿಯಾದ ಅಬು ಹುರೈರಾ ಎಂಬ ಪುರಾತನ ಹಳ್ಳಿಯ ಎಲುಬುಗಳನ್ನು ಪರೀಕ್ಷಿಸಿದ ಥೇಯಾ ಮೊಲ್ಲೆಸನ್, ಮಂಡಿಯೂರಿ ಗಂಟೆಗಟ್ಟಲೆ ಕಾಳು ಅರೆದವರ ಕಾಲ್ಬೆರಳು, ಮಂಡಿ, ಬೆನ್ನೆಲುಬು ಸವೆದಿದ್ದನ್ನು ಗುರುತಿಸಿದರು. ಹಾಗೆ ಸವೆದ ಮೂಳೆಗಳು ಹೆಚ್ಚಾಗಿ ಹೆಂಗಸರವು. ಕರ್ನಾಟಕದ ನವಶಿಲಾಯುಗದ ಬೆಟ್ಟಗಳ ಬಂಡೆಗಳಲ್ಲೂ ಅರೆದು ಅರೆದು ಬಿದ್ದ ಕುಳಿಗಳಿವೆ. ಕುಳಿಯನ್ನು ನೋಡಿ ಬೆರಗಾಗುವ ನಾವು, ಅದನ್ನು ಕೊರೆದ ತೋಳು ಮತ್ತು ಬೆನ್ನಿನ ಬಗ್ಗೆಯೂ ಕೇಳಬೇಕು.

ಕಾಯಿಲೆಯ ವಿಷಯದಲ್ಲಿ ಮೂಳೆಯ ಮಾತನ್ನು ತುಂಬ ಎಚ್ಚರದಿಂದ ಕೇಳಬೇಕಾಗುತ್ತದೆ. ಕಣ್ಣುಗುಳಿಯ ಮಾಡಿನಲ್ಲಿ ಸಣ್ಣ ಸಣ್ಣ ತೂತುಗಳಿದ್ದರೆ ಅದು ಬಾಲ್ಯದ ರಕ್ತಹೀನತೆಯ ಸುಳಿವಾಗಿರಬಹುದು. ಕ್ಷಯ ಬೆನ್ನೆಲುಬಿನ ಮಣಿಗಳನ್ನು ತಿನ್ನುತ್ತದೆ, ಕುಷ್ಠ ಮೂಗಿನ ಸುತ್ತಲಿನ ಮೂಳೆಯನ್ನು ಕರಗಿಸುತ್ತದೆ. ಕಾಲರಾ, ಸಿಡುಬಿನಂಥ ರೋಗಗಳು ಕೆಲವೇ ದಿನಗಳಲ್ಲಿ ಕೊಲ್ಲುತ್ತವೆ, ಬಹುಪಾಲು ಸಲ ಮೂಳೆಗೆ ಗುರುತು ಬೀಳುವಷ್ಟು ವೇಳೆಯೇ ಸಿಗುವುದಿಲ್ಲ. ಇದರಿಂದ ಹೊರಡುವ ವಿಚಿತ್ರ ಸತ್ಯವನ್ನು ಜೇಮ್ಸ್ ವುಡ್ ಮತ್ತು ಸಹೋದ್ಯೋಗಿಗಳು 1992ರಲ್ಲಿ ಸ್ಪಷ್ಟವಾಗಿ ಮಂಡಿಸಿದರು: ರೋಗದ ಗುರುತಿರುವ ಅಸ್ಥಿ ರೋಗದೊಂದಿಗೆ ವರ್ಷಗಟ್ಟಲೆ ಹೋರಾಡಿ ಬದುಕಿದವರದ್ದಾಗಿರಬಹುದು, ಕಲೆಯೇ ಇಲ್ಲದ ಅಸ್ಥಿ ಮೊದಲ ಪೆಟ್ಟಿಗೇ ಬಿದ್ದವರದ್ದಾಗಿರಬಹುದು. ಹಲ್ಲಿನ ಮೇಲೆ ಗೆರೆಗಳಿರುವ ಮಗು ಬಡ ಮಗು, ಗೆರೆಯಿಲ್ಲದ್ದು ಸುಖಿ ಎಂದು ಎಣಿಸಿಬಿಡುವ ಹಾಗಿಲ್ಲ. ಗೆರೆ ಬಿದ್ದಿದೆಯೆಂದರೆ ಆ ಮಗು ಆ ಜ್ವರದಿಂದ ಎದ್ದಿತ್ತು.

ರಾಜಸ್ಥಾನದ ಉದಯಪುರದ ಬಳಿಯ ಬಾಲಾಥಲ್‌ನಲ್ಲಿ ಸಿಕ್ಕ, ಸುಮಾರು 4000 ವರ್ಷ ಹಿಂದಿನ ನಡುವಯಸ್ಸಿನ ಗಂಡಸೊಬ್ಬನ ಅಸ್ಥಿ ಇದಕ್ಕೆ ಒಳ್ಳೆಯ ಉದಾಹರಣೆ. ಗ್ವೆನ್ ರಾಬಿನ್ಸ್, ವೀಣಾ ಮುಶ್ರಿಫ್ ಮೊದಲಾದವರು 2009ರಲ್ಲಿ ಅದರಲ್ಲಿ ಕುಷ್ಠರೋಗದ ಕುರುಹುಗಳನ್ನು ಗುರುತಿಸಿದರು. ಅಲ್ಲಿಯವರೆಗೆ ಎಲುಬಿನಲ್ಲಿ ಕಂಡ ಕುಷ್ಠದ ಅತಿ ಹಳೆಯ ಪುರಾವೆ ಅದಾಗಿತ್ತು. ಅವನನ್ನು ಹೂತದ್ದು ಸುಟ್ಟ ಸಗಣಿಯ ಬೂದಿ ತುಂಬಿದ ಕಲ್ಲಿನ ಆವರಣದೊಳಗೆ. ಮುಖದ ಮೂಳೆ ಕರಗುವಷ್ಟು ಕಾಲ ಅವನು ಆ ರೋಗದೊಂದಿಗೆ ಬದುಕಿದ್ದ, ಸತ್ತಾಗ ಅವನನ್ನು ಮಣ್ಣು ಮಾಡಲು ಜನ ಇದ್ದರು. ಸಗಣಿ ಸುಟ್ಟು ಗುಡ್ಡವೇ ಆದ ಬೂದಿದಿಬ್ಬಗಳು ನಮ್ಮ ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯಲ್ಲಿ ಹೇರಳ. ಬೂದಿಹಾಳದ ದಿಬ್ಬದ ಬಳಿ ಕೆ. ಪದ್ದಯ್ಯ ಅವರ ತಂಡ ಮಕ್ಕಳ ಸಮಾಧಿಗಳನ್ನು ಕಂಡಿತು. ಸುಣ್ಣದಂಶವಿರುವ ಬೂದಿಮಣ್ಣು ಮೂಳೆಯನ್ನು ಕಾಪಾಡುತ್ತದೆ.

ಬೆಂಗಳೂರಿನ ಸುತ್ತಲಿನ ಆಮ್ಲೀಯ ಕೆಮ್ಮಣ್ಣು ಅಷ್ಟು ದಯೆ ತೋರುವುದಿಲ್ಲ. ಸಾವನದುರ್ಗದ ಬೃಹತ್‌ಶಿಲಾ ಸಮಾಧಿಗಳ ಬಗ್ಗೆ ಬ್ರಾನ್‌ಫಿಲ್ ಎಂಬಾತ 1881ರಲ್ಲೇ ಬರೆದಿದ್ದ. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ ಉತ್ಖನನ ನಡೆದಿದೆ. ಇಂಥ ಮಣ್ಣಿನಲ್ಲಿ ಮಡಕೆಗಳು ಗಟ್ಟಿಯಾಗಿ ಉಳಿದರೂ ಮೂಳೆ ಪುಡಿಯಾಗುತ್ತದೆ. ಬಿಸಿಲ ನಾಡಿನಲ್ಲಿ ಡಿಎನ್‌ಎ ಉಳಿಯುವುದೂ ಅಪರೂಪ. ಹರಿಯಾಣದ ರಾಖಿಗಢಿಯ 61 ಮಾದರಿಗಳಲ್ಲಿ ಒಂದೇ ಒಂದರಿಂದ ಓದಬಹುದಾದ ಡಿಎನ್‌ಎ ಸಿಕ್ಕಿತೆಂದು 2019ರಲ್ಲಿ ಪ್ರಕಟವಾಯಿತು. ಇಂಥಲ್ಲಿ ಒಂದು ದವಡೆಹಲ್ಲು ಉಳಿದಿದ್ದರೂ ಅದು ದೊಡ್ಡ ಸಂಪತ್ತು. ಮಕ್ಕಳ ಎಲುಬು ನೋಡಿ ಗಂಡೋ ಹೆಣ್ಣೋ ಎಂದು ಖಚಿತವಾಗಿ ಹೇಳಲಾಗದು, ಎನಾಮೆಲ್ಲಿನಲ್ಲಿ ಸಿಕ್ಕಿಕೊಂಡ ಒಂದು ಪ್ರೋಟೀನು ಈಗ ಅದನ್ನೂ ಹೇಳುತ್ತಿದೆ.

ಹಾಗಾಗಿಯೇ ಅಗೆಯುವ ದಿನ ಹೊಂಡದಲ್ಲಿ ಯಾರಿದ್ದಾರೆ ಎಂಬುದು ಮುಖ್ಯ. ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಅಗೆದ ಎಂ.ಎಸ್. ನಾಗರಾಜರಾವ್ ಪುರಾತತ್ವಜ್ಞರು, ಅವರೊಡನೆ ನಿಂತ ಕೆ.ಸಿ. ಮಲ್ಹೋತ್ರಾ ಮಾನವಶಾಸ್ತ್ರಜ್ಞರು. ಪುಣೆಯ ಡೆಕ್ಕನ್ ಕಾಲೇಜು 1965ರಲ್ಲಿ ಪ್ರಕಟಿಸಿದ ವರದಿಯ ಮೇಲೆ ಇಬ್ಬರ ಹೆಸರೂ ಇದೆ. ಮಡಕೆ ಓದುವವರೂ ಮೈ ಓದುವವರೂ ಒಂದೇ ಪುಸ್ತಕ ಬರೆದ ಆ ಪದ್ಧತಿ ನಮ್ಮ ನೆಲದ್ದೇ. ಅದನ್ನು ರೂಢಿಯಾಗಿ ಮುಂದುವರಿಸಬೇಕು. ಎಲುಬನ್ನು ಎತ್ತುವ ಮೊದಲು ಇದ್ದಲ್ಲಿಯೇ ಅಳೆಯಬೇಕು, ಹಲ್ಲಿಗೆ ಅಂಟಿದ ಪಾಚಿಯನ್ನು ಉಜ್ಜಿ ತೆಗೆಯಬಾರದು, ಏಕೆಂದರೆ ಅದರಲ್ಲಿ ತಿಂದ ಪಿಷ್ಟದ ಕಣಗಳಿರುತ್ತವೆ. ಸುತ್ತಲಿನ ಮಣ್ಣನ್ನೂ ಒಂದು ಹಿಡಿ ಎತ್ತಿಡಬೇಕು.

ದಕ್ಷಿಣ ಬೆಂಗಳೂರಿನಲ್ಲಿ ಈ ವಿದ್ಯೆಗೆ ಬೇಕಾದ ಕೌಶಲವೆಲ್ಲ ಇದೆ. ಜಯನಗರದಲ್ಲಿ ಮೂಳೆ ಮುರಿತಕ್ಕೆಂದೇ ಸರ್ಕಾರಿ ಸಂಸ್ಥೆಯಿದೆ, ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಕಚೇರಿಯಿದೆ, ಜೆ.ಪಿ. ನಗರದಲ್ಲಿ ದಂತ ವೈದ್ಯಕೀಯ ಕಾಲೇಜಿದೆ. ಮುರಿದು ಕೂಡಿಕೊಂಡ ಮುಂಗೈ ಎಕ್ಸ್‌ರೇಯಲ್ಲಿ ಹೇಗೆ ಕಾಣುತ್ತದೆ, ದವಡೆಯ ಕೀವು ಮೂಳೆಯನ್ನು ಹೇಗೆ ತಿನ್ನುತ್ತದೆ ಎಂಬುದನ್ನು ಅಲ್ಲಿನ ವಿದ್ಯಾರ್ಥಿಗಳು ದಿನವೂ ನೋಡುತ್ತಾರೆ. ಅವರಲ್ಲಿ ಕೆಲವರಾದರೂ ನಮ್ಮ ವಸ್ತುಸಂಗ್ರಹಾಲಯಗಳ ಪೆಟ್ಟಿಗೆಗಳತ್ತ ತಿರುಗಲಿ. ಊರ ಜನ ‘ಪಾಂಡವರ ಗುಡಿ’ ಎಂದೋ ‘ಮೋರೇರ ಮನೆ’ ಎಂದೋ ಕರೆಯುವ ಕಲ್ಲುಗೋರಿಗಳು ಬಡಾವಣೆಗೂ ಕಲ್ಲುಗಣಿಗೂ ಬಲಿಯಾಗುತ್ತಿವೆ. ಪಾಯ ತೋಡುವಾಗ ಕಲ್ಲುಚಪ್ಪಡಿಯ ಕೋಣೆಯೋ ಮೂಳೆಯಿರುವ ಮಡಕೆಯೋ ಕಂಡರೆ ಗುದ್ದಲಿ ನಿಲ್ಲಿಸಿ ಪುರಾತತ್ವ ಇಲಾಖೆಗೆ ತಿಳಿಸಿ. ವೀರಗಲ್ಲು ಹೊಲದಲ್ಲಿ ಸಿಕ್ಕರೆ ಎತ್ತಿ ನಿಲ್ಲಿಸುವ ಜನ ನಾವು. ಹೆಸರಿಲ್ಲದೆ ಸತ್ತ ಕೂಸಿಗೂ, ಬೆನ್ನು ಸವೆಯುವಂತೆ ಅರೆದ ಹೆಂಗಸಿಗೂ ಅಷ್ಟೇ ಗೌರವ ಸಲ್ಲಬೇಕು. ಅವರ ಎಲುಬನ್ನು ಜತನದಿಂದ ಎತ್ತಿ, ಸರಿಯಾಗಿ ಓದಿ, ಓದಿದ್ದನ್ನು ಕನ್ನಡದಲ್ಲಿ ಜನರಿಗೆ ಹೇಳುವುದೇ ಆ ಗೌರವ.